ಅಕೋಯಾ ಸರವೋ, ಸಿಹಿನೀರಿನ ಮುತ್ತೋ?

ಎರಡೂ ಸಾಕಿದ ಮುತ್ತುಗಳೇ, ಎರಡೂ ಅಸಲಿಯೇ. ಅಕೋಯಾ ಅಂದರೆ ಸಮುದ್ರದ ಮುತ್ತು, ಹೆಸರು ಮಾಡಿದ್ದು ಜಪಾನಿನಲ್ಲಿ. ಚಿಪ್ಪಿನೊಳಗೆ ದುಂಡನೆಯ ಮಣಿ ಇಟ್ಟು ಬೆಳೆಸುತ್ತಾರೆ, ಅದಕ್ಕೇ ಅಷ್ಟು ಗುಂಡಗೆ. ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್. ಸಿಹಿನೀರಿನದು ಹೆಚ್ಚಾಗಿ ಚೀನಾದ್ದು. ಬಹುತೇಕ ಒಳಗೆ ಮಣಿ ಇರಲ್ಲ, ಪೂರ್ತಿ ಮುತ್ತಿನ ಪದರವೇ. ಒಂದೇ ಚಿಪ್ಪಿನಲ್ಲಿ ಹತ್ತಾರು ಬೆಳೆಯುತ್ತವೆ, ಹಾಗಾಗಿ ಅಗ್ಗ.

ಮೊದಲು ಹೊಳಪು ನೋಡಿ. ಸರವನ್ನು ಕಿಟಕಿ ಹತ್ತಿರ ಹಿಡಿಯಿರಿ. ಒಳ್ಳೆಯ ಅಕೋಯಾದಲ್ಲಿ ಕಿಟಕಿಯ ಚೌಕಟ್ಟು ಗೆರೆ ಎಳೆದಂತೆ ಕಾಣುತ್ತದೆ. ಸಿಹಿನೀರಿನದರಲ್ಲಿ ಸಾಮಾನ್ಯವಾಗಿ ಅಂಚು ಸ್ವಲ್ಪ ಮಸುಕು. ಆಮೇಲೆ ತೂತಿನ ಬಾಯಿ ನೋಡಿ. ಅಕೋಯಾದ ಪದರ ತೀರಾ ತೆಳುವಾಗಿದ್ದರೆ ಅಲ್ಲಿ ಚಕ್ಕೆ ಎದ್ದು ಒಳಗಿನ ಮಣಿ ಇಣುಕುತ್ತದೆ. ಅಂಥದ್ದು ಬೇಡವೇ ಬೇಡ. ಆಕಾರ, ಕಲೆ, ಜೋಡಣೆ ಎಲ್ಲ ಆಮೇಲಿನ ಮಾತು.

ಅಂಗಡಿಯವರು ‘ಎಎಎ’ ಅಂದರೆ ಸುಮ್ನೆ ಒಪ್ಪಬೇಡಿ. ಆ ದರ್ಜೆಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ.

ದಿನಾ ಹಾಕೋದಾದರೆ ನಾನು ಸಿಹಿನೀರಿನದನ್ನೇ ಹೇಳುತ್ತೇನೆ. ಪದರ ದಪ್ಪ, ಬಾಳಿಕೆ ಜಾಸ್ತಿ. ಮದುವೆಗೆ ಒಂದೇ ಅಳತೆಯ ಗುಂಡನೆಯ ಬಿಳಿ ಸರ ಬೇಕು, ಕೈಯಲ್ಲಿ ದುಡ್ಡೂ ಇದೆ ಅಂದರೆ ಅಕೋಯಾ. ಯಾವುದೇ ಆದರೂ ಸೆಂಟ್ ಹಾಕಿಕೊಂಡ ಮೇಲೆ ಸರ ಹಾಕಿ, ಬಿಚ್ಚಿದ ಕೂಡಲೇ ಮೆತ್ತನೆ ಬಟ್ಟೆಯಲ್ಲಿ ಬೆವರು ಒರೆಸಿಡಿ.