ಗಸ್ಟನ್ ಪ್ರಿಂಟ್ ಸೆಟ್: ಕೆಂಪು ಕೈಕೊಟ್ಟಿತು, ಬೂದು ಗೆದ್ದಿತು

ಮೂರು ಪ್ರಿಂಟು, ಜೊತೆಗೆ ಮಡಚಿದ ಒಂದು ಹಾಳೆ, ಒಟ್ಟು 6,900 ರೂಪಾಯಿ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿಕೊಂಡೆ, ಅಂಗಡಿಯ ಹೆಸರು ಬೇಡ ಬಿಡಿ. ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಬೇರೆ ಬೇರೆ ಕಾಲದಲ್ಲಿ ಮಾಡಿದ ಚಿತ್ರಗಳು ಇವು: 1956ರ ‘ಡಯಲ್’, 1964ರ ‘ದಿ ಲೈಟ್’, 1969ರ ‘ದಿ ಸ್ಟುಡಿಯೋ’. ಗೋಡೆ ಮೇಲೆ ಚೆನ್ನಾಗಿ ಕಾಣುತ್ತವಾ ಅಂದರೆ, ಕಾಣುತ್ತವೆ. ಕೊಟ್ಟ ದುಡ್ಡಿಗೆ ಸರಿಯಾ ಅಂದರೆ, ಒಂದು ಸರಿ, ಒಂದು ಅರ್ಧಂಬರ್ಧ, ಒಂದು ಸುತರಾಂ ಇಲ್ಲ.

ನಾನು ಸುಲ್ತಾನ್‌ಪೇಟೆಯಲ್ಲಿ ಆಫ್‌ಸೆಟ್ ಪ್ರೆಸ್ ನಡೆಸಿದವನು. ಮದುವೆ ಕಾರ್ಡು, ಕ್ಯಾಲೆಂಡರು, ಬಿಲ್ ಬುಕ್ಕು ನಮ್ಮ ಕಸುಬು. ಈಗ ಮಗ ನೋಡಿಕೊಳ್ಳುತ್ತಾನೆ. ಕಲಾ ಶಾಲೆಯ ಮೆಟ್ಟಿಲು ಹತ್ತಿಲ್ಲ. 2022ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಬಾಸ್ಟನ್‌ಗೆ ಹೋಗಿದ್ದಾಗ ಅಲ್ಲಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿ ಗಸ್ಟನ್ ಪ್ರದರ್ಶನ ನಡೆಯುತ್ತಿತ್ತು. ಒಳಗಿನ ಚಿತ್ರಗಳು ಮನಸ್ಸಿಗೆ ನೋವು ಮಾಡಬಹುದು, ಮೊದಲೇ ಸಿದ್ಧರಾಗಿ ಅಂತ ಒಂದು ಚೀಟಿ ಇಟ್ಟಿದ್ದರು. ಚಿತ್ರ ನೋಡೋಕೂ ಇಷ್ಟೊಂದು ಪೀಠಿಕೆಯಾ ಅಂತ ನಗು ಬಂತು. ಆ ಚೀಟಿಯ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ‘ಡಯಲ್’. ಮೂಲ ಚಿತ್ರ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ. ಆರಡಿ ಎತ್ತರ, ಅಗಲ ಇನ್ನೂ ಚೂರು ಜಾಸ್ತಿ. ಮನುಷ್ಯ, ಮರ, ಮನೆ ಏನೂ ಇಲ್ಲ. ನಡುವೆ ಕೆಂಪು ಒತ್ತಾಗಿದೆ, ಅಂಚಿಗೆ ಬಂದಂತೆ ತಿಳಿಯಾಗುತ್ತದೆ. 1950ರ ದಶಕದ ವಿಮರ್ಶಕರಿಗೆ ಈ ಗಸ್ಟನ್ ಅಂದರೆ ಬಲು ಪ್ರೀತಿ. ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಜಾಕ್ಸನ್ ಪೊಲಾಕ್ ಬಣ್ಣ ಎರಚುತ್ತಿದ್ದ, ಈತ ಮೆತ್ತಗೆ, ತಡೆದು ತಡೆದು ಹಚ್ಚುತ್ತಿದ್ದ. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರ ಮೋನೆಯ ಹೆಸರು ಎತ್ತಿ, ಈತ ಆಕಾರವಿಲ್ಲದ (ಅಬ್‌ಸ್ಟ್ರಾಕ್ಟ್) ಚಿತ್ರದ ಮೋನೆ ಅನ್ನುವ ಹಾಗೆ ‘ಅಬ್‌ಸ್ಟ್ರಾಕ್ಟ್ ಇಂಪ್ರೆಷನಿಸ್ಟ್’ ಅಂತ ಲೇಬಲ್ ಅಂಟಿಸಿದರು. 1962ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನವೂ ಆಯಿತು. (ಪೊಲಾಕ್ ಮತ್ತು ಗಸ್ಟನ್ ಲಾಸ್ ಏಂಜಲೀಸ್‌ನಲ್ಲಿ ಒಂದೇ ಹೈಸ್ಕೂಲು. ಶಾಲೆಯನ್ನು ಗೇಲಿ ಮಾಡಿ ಕರಪತ್ರ ಹಂಚಿದರು ಅಂತ ಇಬ್ಬರನ್ನೂ ಹೊರಗೆ ಹಾಕಿದ್ದರು. ಪ್ರೆಸ್ಸಿನವನಿಗೆ ಇಂಥ ಕಥೆ ಇಷ್ಟವಾಗದೆ ಇರುತ್ತಾ?)

ಗಸ್ಟನ್‌ಗೆ ಕ್ಯಾಡ್ಮಿಯಂ ಕೆಂಪು ಅಂದರೆ ಪ್ರಾಣ. ನಮಗೆ ಅದೇ ತಲೆನೋವು. ಪ್ರೆಸ್ಸಿನ ನಾಲ್ಕು ಇಂಕಿನಲ್ಲಿ ಕೆಂಪು ಅನ್ನುವುದೇ ಇಲ್ಲ. ಮೆಜೆಂಟಾ ಅನ್ನುವ ಕಡು ಗುಲಾಬಿ ಇಂಕಿನ ಜೊತೆ ಹಳದಿ ಸೇರಿಸಿ ತರಬೇಕು, ಆ ಕೆಂಪಿಗೆ ಕ್ಯಾಡ್ಮಿಯಂನ ಕಾವು ಬರುವುದಿಲ್ಲ. ಬಿಳಿ ಬೆರೆಸಿದ ಗುಲಾಬಿ ಇನ್ನೂ ಕಷ್ಟ. ಹಳದಿ ಒಂದು ಚೂರು ಏರಿದರೆ ಕಿತ್ತಳೆ, ಇಳಿದರೆ ರೋಸ್ ಮಿಲ್ಕ್. ನನಗೆ ಬಂದ ‘ಡಯಲ್’ ಕಿತ್ತಳೆ ಕಡೆಗೆ ವಾಲಿದೆ. ‘ಸ್ಟುಡಿಯೋ’ ಪೂರ್ತಿ ರೋಸ್ ಮಿಲ್ಕ್.

ಅಂಗಡಿಯವರು ಮೂರೂ ‘ಜಿಕ್ಲೇ’ ಅಂತ ಬರೆದಿದ್ದರು. ಅಂದರೆ ಒಳ್ಳೆ ಪೇಪರಿನ ಮೇಲೆ ಒಳ್ಳೆ ಇಂಕ್‌ಜೆಟ್. ಚುಕ್ಕಿ ನೋಡುವ ಹಳೇ ಭೂತಗನ್ನಡಿ (ಲೂಪ್) ತೆಗೆದು ಕಣ್ಣಿಗೆ ಹಿಡಿದೆ. ‘ಡಯಲ್’ ಮತ್ತು ‘ಸ್ಟುಡಿಯೋ’ ಎರಡರಲ್ಲೂ ಚುಕ್ಕಿಗಳು ಸುತ್ತು ಕಟ್ಟಿ ಕೂತಿವೆ. ಇದನ್ನು ರೋಸೆಟ್ ಅನ್ನುತ್ತೇವೆ. ಆಫ್‌ಸೆಟ್‌ನಲ್ಲಿ ಹೀಗೆ ಬರುವುದು, ಇಂಕ್‌ಜೆಟ್ ಚುಕ್ಕಿಗೆ ಈ ಕ್ರಮ ಇರುವುದಿಲ್ಲ. ಸಾಲದ್ದಕ್ಕೆ ‘ಸ್ಟುಡಿಯೋ’ದಲ್ಲಿ ಮೆಜೆಂಟಾ ಪ್ಲೇಟು ಅರ್ಧ ಚುಕ್ಕಿ ಪಕ್ಕಕ್ಕೆ ಸರಿದಿದೆ. ನಮ್ಮ ಪ್ರೆಸ್ಸಿನಲ್ಲಿ ಇಂಥ ಶೀಟು ಬಂದಿದ್ದರೆ ಮಷಿನ್ ನಿಲ್ಲಿಸಿ ಬೈಯುತ್ತಿದ್ದೆ.

‘ದಿ ಲೈಟ್’ ಮಾತ್ರ ನಿಜವಾದ ಇಂಕ್‌ಜೆಟ್. ಸೆಟ್ಟಿನಲ್ಲಿ ಯಾಕೆ ಹೀಗೆ ಬೆರಕೆ ಮಾಡಿದರೋ ಗೊತ್ತಿಲ್ಲ, ಇದಂತೂ ಸೊಗಸಾಗಿ ಬಂದಿದೆ. ಒಳ್ಳೆ ಇಂಕ್‌ಜೆಟ್ ಮಷಿನ್‌ಗಳಲ್ಲಿ ಬೂದು ಬಣ್ಣಕ್ಕೇ ಬೇರೆ ಬೇರೆ ಇಂಕ್ ಇರುತ್ತದೆ, ಅದರ ಫಲ. ಕುಂಚ ಒಣಗುತ್ತಾ ಬಂದ ಜಾಗದಲ್ಲಿ ಗೆರೆಗೆರೆಯಾಗಿ ಕೆಳಗಿನ ಬಣ್ಣ ಇಣುಕುವುದು ಸಹ ಕಾಣುತ್ತದೆ. ನಡುವಿನ ಕಪ್ಪು ಗುಡ್ಡೆ ತಲೆಯೋ, ಕಲ್ಲೋ ಹೇಳುವುದಕ್ಕೆ ಆಗುವುದಿಲ್ಲ. ಇಂಥ ಬೂದು ಚಿತ್ರಗಳನ್ನು 1966ರಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ ತೋರಿಸಿದ ಮೇಲೆ ಗಸ್ಟನ್ ಪೇಂಟಿಂಗ್ ನಿಲ್ಲಿಸಿ ಬರೀ ರೇಖೆ ಎಳೆಯುತ್ತಾ ಕೂತ. ಹೊರಗೆ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಪತ್ರಿಕೆ ಓದಿ ಸಿಟ್ಟಿನಿಂದ ಕುದಿದು, ಆಮೇಲೆ ಸ್ಟುಡಿಯೋಗೆ ಹೋಗಿ ಕೆಂಪನ್ನು ನೀಲಿಗೆ ಹೊಂದಿಸುತ್ತಾ ಕೂರುವ ನಾನು ಎಂಥ ಮನುಷ್ಯ ಅಂತ ತನ್ನನ್ನೇ ಕೇಳಿಕೊಂಡಿದ್ದನ್ನು ಮುಂದೆ ಆತನೇ ಹೇಳಿದ್ದಾನೆ.

ಅಲ್ಲಿಂದ ಹುಟ್ಟಿದ್ದು ‘ಸ್ಟುಡಿಯೋ’. ಬಿಳಿ ಮುಸುಕು ಹೊದ್ದ ಒಬ್ಬ, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೆಂಪು ಕೈಯಲ್ಲಿ ಕುಂಚ. ಬರೆಯುತ್ತಿರುವುದು ತನ್ನದೇ ಮುಸುಕಿನ ಚಿತ್ರ. ಮುಸುಕು ಕು ಕ್ಲಕ್ಸ್ ಕ್ಲಾನ್‌ನವರದು, ಕಪ್ಪು ಜನರನ್ನು ಬೇಟೆಯಾಡಿದ ಗುಂಪಿನದು. ಗಸ್ಟನ್ ಒಡೆಸ್ಸಾದಿಂದ ಬಂದ ಯೆಹೂದಿ ದಂಪತಿಯ ಮಗ. ಹುಡುಗನಾಗಿದ್ದಾಗಲೇ, 1930ರ ಆಸುಪಾಸಿನಲ್ಲಿ, ಈ ಮುಸುಕುಗಳನ್ನು ಬರೆದಿದ್ದ. ಈ ಸಲ ಮುಸುಕಿನೊಳಗೆ ತನ್ನನ್ನೇ ಕೂರಿಸಿದ. ಅದೂ ಕಾಮಿಕ್ಸ್ ಪುಟದ ದಪ್ಪ ಗೆರೆಯಲ್ಲಿ.

1970ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮಾರ್ಲ್‌ಬರೋ ಗ್ಯಾಲರಿಯಲ್ಲಿ ಈ ಬಗೆಯ ಚಿತ್ರಗಳು ಬಂದವು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಿಲ್ಟನ್ ಕ್ರೇಮರ್ ಬರೆದ ವಿಮರ್ಶೆಯ ತಲೆಬರಹದ ಅರ್ಥ ಹೆಚ್ಚುಕಡಿಮೆ ಹೀಗೆ: ‘ತಿರುಬೋಕಿಯ ವೇಷ ಹಾಕಿದ ಪಂಡಿತ’. ಟೈಮ್ ಪತ್ರಿಕೆಯಲ್ಲಿ ರಾಬರ್ಟ್ ಹ್ಯೂಸ್ ‘ಕು ಕ್ಲಕ್ಸ್ ಕಾಮಿಕ್ಸ್’ ಅಂದ. ಸಂಗೀತಗಾರ ಮಾರ್ಟನ್ ಫೆಲ್ಡ್‌ಮನ್ ಜೊತೆಗಿದ್ದ ಹಳೇ ಸ್ನೇಹವೇ ಮುರಿದುಬಿತ್ತು. ಗಸ್ಟನ್ ಇಟಲಿಗೆ ಹೊರಟುಹೋದ.

ಸೆಟ್ ಜೊತೆ ಬಂದ ಹಾಳೆಯಲ್ಲಿ ಇದೆಲ್ಲ ಇದೆ, ಆದರೆ ಸಿನಿಮಾ ಕಥೆಯ ಥರ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ತಲೆಬಾಗಿದರು, ಶುಭಂ. ನನಗೆ ಇದು ರುಚಿಸಲಿಲ್ಲ. ಆಗಲೇ ಒಪ್ಪಿದವರೂ ಇದ್ದರು. ನ್ಯೂಯಾರ್ಕರ್‌ನಲ್ಲಿ ಹೆರಾಲ್ಡ್ ರೋಸೆನ್‌ಬರ್ಗ್ ಗಸ್ಟನ್ ಪರವಾಗಿ ಬರೆದ. ಡಿ ಕೂನಿಂಗ್‌ನಂಥ ಅಬ್‌ಸ್ಟ್ರಾಕ್ಟ್ ದಿಗ್ಗಜನೇ ಮೆಚ್ಚಿಕೊಂಡ. ಇವರ ಹೆಸರು ಹಾಳೆಯಲ್ಲಿ ಎಲ್ಲೂ ಇಲ್ಲ. ಕ್ರೇಮರ್‌ನನ್ನೂ ಸುಮ್ನೆ ಖಳನಾಯಕ ಮಾಡಿ ಕೈತೊಳೆದುಕೊಂಡಿದ್ದಾರೆ. ಆತ ಹೇಳಿದ್ದರಲ್ಲಿ ಅರ್ಧ ನಿಜ. ಗಸ್ಟನ್ ಪಂಡಿತನೇ. ಹದಿನೈದನೇ ಶತಮಾನದ ಇಟಲಿಯ ಚಿತ್ರಕಾರ ಪಿಯರೋ ಡೆಲ್ಲಾ ಫ್ರಾಂಚೆಸ್ಕನ ಮೇಲೆ ಲೇಖನ ಬರೆದವನು, ಅವನ ಚಿತ್ರದ ಪ್ರಿಂಟನ್ನು ಅಡುಗೆಮನೆಯಲ್ಲಿ ತೂಗುಹಾಕಿಕೊಂಡಿದ್ದವನು. (ಪ್ರಿಂಟ್ ಅಂದರೆ ಮೂಗು ಮುರಿಯುವವರು ಗಮನಿಸಿ.) ಕ್ರೇಮರ್ ಎಡವಿದ್ದು ವೇಷ ಅಂದದ್ದರಲ್ಲಿ. ಚಿಕ್ಕಂದಿನಿಂದ ಕಾಮಿಕ್ಸ್ ಓದಿ ಬೆಳೆದವನಿಗೆ, ಹರೆಯದಲ್ಲೇ ಮುಸುಕು ಬರೆದವನಿಗೆ ಇದು ವೇಷ ಹೇಗಾಗುತ್ತೆ? ಬೇಕಾದರೆ ನಡುವಿನ ಕಾಲದ ಮೆತ್ತಗಿನ ಕೆಂಪನ್ನೇ ವೇಷ ಅನ್ನಬಹುದಿತ್ತು. ನಾನು ಹಾಗೂ ಅನ್ನುವುದಿಲ್ಲ, ಯಾಕಂದರೆ ಬಣ್ಣ ಹಚ್ಚಿದ ರೀತಿ ಎರಡರಲ್ಲೂ ಒಂದೇ.

ಬಾಸ್ಟನ್‌ನಲ್ಲಿ ಎರಡೂ ಕಾಲದ ಚಿತ್ರಗಳಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ನೋಡಿದ್ದೆ, ಕಾವಲಿನವರು ಕೆಮ್ಮುವವರೆಗೂ. 1950ರ ದಶಕದ ಕೆಂಪಿನಲ್ಲಿ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು, ಕೆಳಗಿನ ಬಿಳಿ ಜೊತೆಗೇ ಎದ್ದು ಬಂದು ಗುಲಾಬಿ ಆಗಿದೆ. 1970ರ ಬೂಟು, ಬಲ್ಬು, ಸಿಗರೇಟಿನ ಸುತ್ತಲೂ ಅದೇ ಗುಲಾಬಿ, ಅದೇ ಅಡ್ಡ ಗೀಟು. ವಿಷಯ ಬದಲಾಗಿದೆ, ಕೈ ಬದಲಾಗಿಲ್ಲ. ಮೂರು ಪ್ರಿಂಟ್ ಅಕ್ಕಪಕ್ಕ ಹಾಕುವ ಮಜಾ ಇರುವುದೇ ಇಲ್ಲಿ. ಈ ಸೆಟ್ಟಿನಲ್ಲಿ ಒಂದೇ ಗುಲಾಬಿ ಎರಡು ಬೇರೆ ಬಣ್ಣವಾಗಿ ಬಂದು ಆ ಎಳೆಯೇ ಕಡಿದುಹೋಗಿದೆ. ಇದನ್ನು ನೋಡಿದರೆ ಯಾರಿಗಾದರೂ ಇಬ್ಬರು ಚಿತ್ರಕಾರರು ಅನಿಸುತ್ತದೆ, ಕ್ರೇಮರ್ ಗೆದ್ದ ಹಾಗೆ ಆಯಿತು.

ಅಳತೆಯದು ಇನ್ನೊಂದು ಗೋಳು. ಮೂರನ್ನೂ 18 ಅಂಗುಲದ ಚೌಕಕ್ಕೆ ಕತ್ತರಿಸಿದ್ದಾರೆ. ‘ಸ್ಟುಡಿಯೋ’ ನಾಲ್ಕಡಿ ಎತ್ತರ, ಮೂರೂವರೆ ಅಡಿ ಅಗಲ. ಚೌಕ ಮಾಡಿದರೆ ಎತ್ತರದಲ್ಲಿ ಎಂಟನೇ ಒಂದು ಭಾಗ ಹೋಯಿತು. ಸುತ್ತ ಬಿಳಿ ಅಂಚು ಬಿಟ್ಟಿಲ್ಲವಾದ್ದರಿಂದ ಫ್ರೇಮಿನೊಳಗೆ ಇನ್ನೂ ಕಾಲು ಅಂಗುಲ ಮಾಯ.

ಆ ಚೀಟಿಯ ಕಥೆಯನ್ನೂ ಹಾಳೆ ಮುಟ್ಟಿಲ್ಲ. 2020ರಲ್ಲಿ ವಾಷಿಂಗ್ಟನ್, ಬಾಸ್ಟನ್, ಹ್ಯೂಸ್ಟನ್, ಲಂಡನ್‌ನ ನಾಲ್ಕು ಮ್ಯೂಸಿಯಂಗಳು ಮುಸುಕಿನ ಚಿತ್ರಗಳಿಗೆ ಹೆದರಿ ಪ್ರದರ್ಶನವನ್ನು 2024ಕ್ಕೆ ಮುಂದೂಡಿದವು. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಅಮೆರಿಕದ ಪೊಲೀಸರ ಕೈಯಲ್ಲಿ ಸತ್ತ ವರ್ಷ ಅದು. ನೂರಾರು ಕಲಾವಿದರು ಬಹಿರಂಗ ಪತ್ರ ಬರೆದು ತರಾಟೆಗೆ ತೆಗೆದುಕೊಂಡರು. ಕೊನೆಗೆ 2022ರಲ್ಲೇ ಬಾಸ್ಟನ್‌ನಿಂದ ಶುರುವಾಯಿತು. 1980ರಲ್ಲಿ ತೀರಿಕೊಂಡವನ ಚಿತ್ರಕ್ಕೆ ಇನ್ನೂ ಇಷ್ಟು ಗಲಾಟೆ ಆಗುತ್ತೆ ಅಂದರೆ, ‘ಎಲ್ಲರೂ ತಲೆಬಾಗಿದರು’ ಅಂತ ಹೇಗೆ ಮುಗಿಸುತ್ತಾರೆ?

ತರಿಸುವವರು ಮೂರು ವಿಷಯ ಕೇಳಿಕೊಳ್ಳಿ: ಕತ್ತರಿಸದ ಪೂರ್ತಿ ಚಿತ್ರವಾ, ಇಂಕ್‌ಜೆಟ್ಟಾ, ಹಕ್ಕು ಪಡೆದಿದ್ದಾರಾ. ನಮ್ಮ ಕಾನೂನಿನಲ್ಲಿ ಕಲಾವಿದ ಸತ್ತು 60 ವರ್ಷ ಹಕ್ಕು ಇರುತ್ತದೆ, ಅಂದರೆ ಗಸ್ಟನ್‌ದು 2040ರ ಕೊನೆವರೆಗೂ. ನನ್ನ ಪ್ರಿಂಟಿನ ಹಿಂದೆ ಮುಂದೆ ಎಲ್ಲೂ ಹಕ್ಕು ಪಡೆದಿದ್ದೇವೆ ಅನ್ನುವ ಸಾಲು ಇಲ್ಲ. ಅಂಗಡಿಗೆ ಬರೆದು ಕೇಳಿದೆ. ಹಕ್ಕಿನ ಮಾತೇ ಎತ್ತದೆ, ಸೆಟ್ ಪೂರ್ತಿ ವಾಪಸ್ ಕಳಿಸಿದರೆ ದುಡ್ಡು ಕೊಡುತ್ತೇವೆ, ಬಿಡಿಯಾಗಿ ಆಗುವುದಿಲ್ಲ ಅಂದರು. ನಾಳೆ ಮೂರನ್ನೂ ಕಳಿಸುತ್ತಿದ್ದೇನೆ, ‘ದಿ ಲೈಟ್’ ಹೋಗುವುದಕ್ಕೆ ಮಾತ್ರ ಹೊಟ್ಟೆ ಉರಿಯುತ್ತಿದೆ. ಐದಕ್ಕೆ ಎರಡು.