ಟ್ರೈಲರ್ ಕಟ್ಟಲು 'ವಾಟರ್‌ಪ್ರೂಫ್' ಪ್ಲೈ ತರುವ ಮುಂಚೆ ಇದನ್ನೊಮ್ಮೆ ಓದಿ

ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಕಣ್ಣೀರ ಹನಿಯಾಕಾರದ ಟಿಯರ್‌ಡ್ರಾಪ್ ಟ್ರೈಲರನ್ನು ಮನೆಯಲ್ಲೇ ಕಟ್ಟುವ ಯೋಚನೆ ಇರುವ ಹಾಸನ, ಸಕಲೇಶಪುರದ ಕಡೆಯವರೇ, ಪ್ಲೈವುಡ್ ಅಂಗಡಿಯವರ ಬಾಯಿಮಾತು ನಂಬಬೇಡಿ. "ಪಕ್ಕಾ ವಾಟರ್‌ಪ್ರೂಫ್ ಸಾರ್, ದೋಣಿಗೂ ಇದನ್ನೇ ಹಾಕ್ತಾರೆ" ಅಂತ ಹಾಸನದ ಒಂದು ಅಂಗಡಿಯಲ್ಲಿ ನನಗೆ ಕೊಟ್ಟ 12 ಎಂಎಂ ಪ್ಲೈ ಒಂದು ಮಳೆಗಾಲವನ್ನೂ ತಡೆಯಲಿಲ್ಲ.

ಅಮೆರಿಕದಲ್ಲಿ 1930ರ ದಶಕದಲ್ಲಿ ಶುರುವಾದ ಈ ಟ್ರೈಲರ್‌ನಲ್ಲಿ ಒಳಗೆ ಇಬ್ಬರು ಮಲಗಬಹುದು, ಹಿಂಬಾಗಿಲು ಮೇಲೆತ್ತಿದರೆ ಅಡುಗೆಕಟ್ಟೆ. ಗೋಡೆಯೆಲ್ಲ ಪ್ಲೈ. ಅದು ಕೆಟ್ಟರೆ ಉಳಿಯುವುದು ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಸ್ ಮಾತ್ರ.

ಆ ಪ್ಲೈಯಲ್ಲಿ ಕಟ್ಟಿದ ಟ್ರೈಲರನ್ನು ಸಕಲೇಶಪುರದ ಹತ್ತಿರ ತೋಟದಲ್ಲಿ ನಿಲ್ಲಿಸಿದ್ದೆ. ಆಷಾಢದ ಮಳೆ ಹಿಡಿದ ಮೇಲೆ ಬಾಗಿಲ ಕೆಳಗಿನ ಅಂಚು ಉಬ್ಬಿತು. ಬಣ್ಣ ಬಿರಿದ ಕಡೆ ಉಗುರು ಹಾಕಿ ಎಳೆದರೆ ನೆನೆದ ರಟ್ಟಿನಂತೆ ಪದರ ಪದರವಾಗಿ ಕಿತ್ತು ಬಂತು. ಒಳಗೆಲ್ಲ ಕಪ್ಪು, ಮುಗ್ಗಲು ವಾಸನೆ. ಹಿಂಬಾಗಿಲ ಹಿಂಜ್ ಮೇಲ್ಗಡೆ ಇರುವುದರಿಂದ ನೀರು ಇಳಿಯುವುದೂ ಅಲ್ಲೇ. ಅಲ್ಲಿನ ಸ್ಕ್ರೂಗಳು ಬೆರಳಲ್ಲೇ ಕಳಚಿಕೊಂಡವು.

ಅಂಗಡಿಗೆ ಹೋಗಿ ಕೇಳಿದರೆ "ನೀವು ಪೇಂಟ್ ಸರಿಯಾಗಿ ಹೊಡೆಸಿಲ್ಲ" ಅಂದರು. ಬಿಲ್ಲಿನಲ್ಲಿ ಬರೆದಿದ್ದು 'ಪ್ಲೈ 12 ಎಂಎಂ' ಅಷ್ಟೇ. ಇನ್ನೇನು ವಾದ ಮಾಡುವುದು?

ಮಳೆಗೆ ನಿಲ್ಲುವ ಮೆರೈನ್ ಪ್ಲೈ ಬೇಕಿದ್ದರೆ ಶೀಟಿನ ಮೇಲೇ ಐಎಸ್ 710 (ಮೆರೈನ್ ಪ್ಲೈಗೆ ಇರುವ ಭಾರತೀಯ ಮಾನಕದ ಸಂಖ್ಯೆ) ಅಂತ ಮುದ್ರೆ ಇರಬೇಕು, ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರೂ ಇರಬೇಕು. ಆ ನಂಬರನ್ನು ಭಾರತೀಯ ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಿ. 'ಐಎಸ್ 710' ಅಂತ ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಒಳ್ಳೆಯ ಪ್ಲೈ ಕೂಡ ಕೊಯ್ದ ಅಂಚಿನಿಂದ ನೀರು ಕುಡಿಯುತ್ತದೆ, ಅಂಚಿಗೆಲ್ಲ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಹಚ್ಚಲೇಬೇಕು.

ಇನ್ನೊಂದು ವಿಷಯ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡ ವಾಹನವೇ, ನೋಂದಣಿ ಬೇಕು. "ಯಾರೂ ಕೇಳಲ್ಲ ಬಿಡಿ ಅಣ್ಣಾ" ಅನ್ನುವ ವೆಲ್ಡಿಂಗ್ ಶಾಪಿನವರು ಚೆಕ್‌ಪೋಸ್ಟಿಗೆ ಬಂದು ಉತ್ತರ ಕೊಡುವುದಿಲ್ಲ. ಕಬ್ಬಿಣ ಕತ್ತರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಪ್ಲೈ ತರುವ ಮುಂಚೆ ಅಂಗೈಯಗಲದ ಒಂದು ತುಂಡು ಕೇಳಿ ತಂದು ಬಚ್ಚಲ ಹಂಡೆಯಲ್ಲಿ ಕುದಿಸಿ. 710ರ ಪ್ಲೈ 72 ಗಂಟೆ ಕುದಿತ ತಡೆಯಬೇಕು ಅನ್ನುವುದು ನಿಯಮ; ಕಳಪೆ ಮಾಲಾದರೆ ಅಷ್ಟು ಸೌದೆ ಉರಿಸಬೇಕಾಗಿಯೇ ಇಲ್ಲ. ತುಂಡು ಕೊಡಲ್ಲ ಅನ್ನುವ ಅಂಗಡಿಯಿಂದ ಶೀಟೂ ತರಬೇಡಿ.