ಮರುಬಳಕೆ ನಾರಿನ ಪೆಟ್ಟಿಗೆ ಕೊಡಗಿನ ಮಳೆಗಾಲಕ್ಕೆ ತಾಳುತ್ತದೆಯೇ?

ಕಾಫಿ ಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿ) ಇವುಗಳನ್ನು ಮಡಿಕೇರಿಯಿಂದ ಹೊರ ಊರುಗಳ ಗ್ರಾಹಕರಿಗೆ ಕಳುಹಿಸುವ ನಮ್ಮಂಥ ಸಣ್ಣ ವ್ಯಾಪಾರಿಗಳಿಗೆ ಸರಕಿನಷ್ಟೇ ಮುಖ್ಯವಾದದ್ದು ಅದನ್ನು ತುಂಬುವ ರಟ್ಟಿನ ಪೆಟ್ಟಿಗೆ. ಮೈಸೂರಿನ ತಯಾರಕರೊಬ್ಬರು ಪೂರೈಸುವ ಐದು ಪದರದ ಪೆಟ್ಟಿಗೆಗಳನ್ನು ಕಳೆದ ಮಳೆಗಾಲದುದ್ದಕ್ಕೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇವು ಸಂಪೂರ್ಣವಾಗಿ ರದ್ದಿ ಕಾಗದದ ನಾರಿನಿಂದ ಆದವು. ಆದರೆ ಆ ನಾರನ್ನು ಗಿರಣಿಯಲ್ಲಿ ಸಂಸ್ಕರಿಸಿ ಬಲಪಡಿಸಲಾಗಿದೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲವು ಕೊರತೆಗಳಿದ್ದರೂ ನಮ್ಮ ಜಿಲ್ಲೆಯ ತೇವಕ್ಕೆ ಈ ಪೆಟ್ಟಿಗೆ ತಾಳುತ್ತದೆ, ಮತ್ತು ಅದರ ಶ್ರೇಯಸ್ಸು ನಾರಿಗೆ ಮಾಡಿದ ಉಪಚಾರಕ್ಕೇ ಸಲ್ಲಬೇಕು.

ಕೊಡಗಿನಲ್ಲಿ ರೈಲಿಲ್ಲ. ಇಲ್ಲಿಂದ ಹೊರಡುವ ಪ್ರತಿಯೊಂದು ಪಾರ್ಸೆಲ್ಲೂ ಬಸ್ಸಿನಲ್ಲೋ ಲಾರಿಯಲ್ಲೋ ಘಟ್ಟದ ತಿರುವುಗಳನ್ನು ದಾಟಿ, ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿದು, ಮತ್ತೆ ಇನ್ನೊಂದು ವಾಹನ ಏರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳ ದಿನಗಳಲ್ಲಿ, ಮಳೆಯ ಹನಿ ನೇರವಾಗಿ ಬೀಳದಿದ್ದರೂ ಗಾಳಿಯಲ್ಲಿರುವ ತೇವವನ್ನು ಕಾಗದ ತಾನಾಗಿಯೇ ಹೀರಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 50ರಿಂದ ಶೇ. 90ಕ್ಕೆ ಏರಿದಾಗ ರಟ್ಟಿನ ಪೆಟ್ಟಿಗೆಯು ಮೇಲಿನ ಭಾರವನ್ನು ಹೊರುವ ಶಕ್ತಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನ ಗೋದಾಮಿನಲ್ಲಿ ಗಟ್ಟಿಯಾಗಿ ಕಂಡ ಪೆಟ್ಟಿಗೆ ಮಡಿಕೇರಿಯ ಜುಲೈ ತಿಂಗಳಿನಲ್ಲಿ ಬಾಗಿ ಕುಸಿಯುವುದು ಈ ಕಾರಣದಿಂದಲೇ.

ಮರುಬಳಕೆಯ ಕಾಗದವೆಂದರೆ ದುರ್ಬಲವೆಂಬ ಮಾತು ನಮ್ಮ ವ್ಯಾಪಾರಿಗಳಲ್ಲಿ ಬೇರೂರಿದೆ. ಅದಕ್ಕೆ ಆಧಾರವೂ ಇದೆ. ಮರದ ನಾರು ಮೊದಲ ಬಾರಿ ಗಿರಣಿಯಲ್ಲಿ ಒಣಗಿದಾಗ ಅದರ ಗೋಡೆಯಲ್ಲಿರುವ ಅತಿ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ನೀರಿನಲ್ಲಿ ನೆನೆಸಿದರೂ ಅವೆಲ್ಲ ಪೂರ್ತಿಯಾಗಿ ತೆರೆದುಕೊಳ್ಳುವುದಿಲ್ಲ. ಹೀಗಾಗಿ ನಾರು ಮೊದಲಿನಷ್ಟು ಉಬ್ಬದೆ, ಬಾಗದೆ, ಪಕ್ಕದ ನಾರಿನೊಂದಿಗೆ ಬಿಗಿಯಾಗಿ ಬೆಸೆದುಕೊಳ್ಳದೆ ಬಿರುಸಾಗಿಯೇ ಉಳಿಯುತ್ತದೆ. ಪ್ರತಿ ಸುತ್ತಿನಲ್ಲೂ ನಾರು ತುಂಡಾಗುತ್ತದೆ, ಪುಡಿ ಹೆಚ್ಚುತ್ತದೆ. ಒಂದು ನಾರು ಸಾಮಾನ್ಯವಾಗಿ ಐದರಿಂದ ಏಳು ಸುತ್ತುಗಳವರೆಗೆ ಬಾಳುತ್ತದೆ ಎನ್ನುತ್ತಾರೆ. ನಾರಿನ ಮೂಲವೂ ಮುಖ್ಯ. ಪೈನ್‌ನಂಥ ಸೂಜಿ ಎಲೆಯ ಮರಗಳ ನಾರು ಸುಮಾರು 3 ಮಿಲಿಮೀಟರ್ ಉದ್ದವಿದ್ದರೆ, ನೀಲಗಿರಿಯಂಥ ಅಗಲ ಎಲೆಯ ಮರಗಳ ನಾರು 1 ಮಿಲಿಮೀಟರ್ ಆಸುಪಾಸಿನದು. ನಮ್ಮ ದೇಶದ ರದ್ದಿಯಲ್ಲಿ ಗಿಡ್ಡ ನಾರಿನ ಪಾಲು ಹೆಚ್ಚಾಗಿರುವುದರಿಂದಲೇ ಅನೇಕ ಗಿರಣಿಗಳು ಅಮೆರಿಕ, ಯುರೋಪುಗಳಿಂದ ಹಳೆಯ ಪೆಟ್ಟಿಗೆಗಳ ರದ್ದಿಯನ್ನು ತರಿಸಿ ಬೆರೆಸುತ್ತವೆ.

ಈ ಪೆಟ್ಟಿಗೆಯ ಕಾಗದದಲ್ಲಿ ಏನು ಬೇರೆಯಾಗಿದೆ ಎಂದು ಕೇಳಿದಾಗ ತಯಾರಕರು ತಾಳ್ಮೆಯಿಂದ ವಿವರಿಸಿದರು. ಅದು ನನಗೆ ಬಹಳ ಹಿಡಿಸಿತು. ನೆನೆಸಿ ಕಲಸಿದ ರದ್ದಿಯ ತಿರುಳನ್ನು ಜರಡಿಗಳ ಮೂಲಕ ಹಾಯಿಸಿ ಉದ್ದ ನಾರನ್ನೂ ಗಿಡ್ಡ ನಾರನ್ನೂ ಬೇರೆ ಮಾಡುತ್ತಾರೆ. ಉದ್ದ ನಾರನ್ನು ಮಾತ್ರ ರಿಫೈನರ್‌ಗೆ ಕಳುಹಿಸಿ ತಟ್ಟೆಗಳ ನಡುವೆ ಉಜ್ಜಿದಾಗ ಅದರ ಮೈಯಿಂದ ಸಣ್ಣ ಎಳೆಗಳು ಎದ್ದು, ನಾರು ಮತ್ತೆ ಮೃದುವಾಗಿ ಬೆಸುಗೆಗೆ ಸಿದ್ಧವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಉಜ್ಜಿದರೆ ಮೊದಲೇ ಸವೆದ ಗಿಡ್ಡ ನಾರು ಇನ್ನಷ್ಟು ಪುಡಿಯಾಗಿ, ಯಂತ್ರದ ಜಾಲರಿಯ ಮೇಲೆ ನೀರು ಬಸಿಯದೆ ನಿಂತು, ಒಣಗಿಸಲು ಹೆಚ್ಚು ಹಬೆ ಬೇಕಾಗುತ್ತದೆ. ಉಜ್ಜುವ ಮೊದಲು ಅಲ್ಪ ಪ್ರಮಾಣದ ಸೆಲ್ಯುಲೇಸ್ ಕಿಣ್ವವನ್ನು ಸೇರಿಸುವುದರಿಂದ ಕಡಿಮೆ ವಿದ್ಯುತ್ತಿನಲ್ಲಿ ಅದೇ ಫಲ ಸಿಗುತ್ತದೆ. ಅನಂತರ ಬರುವುದು ಪಿಷ್ಟ. ನೀರಿನಲ್ಲಿ ನಾರಿನ ಮೇಲೆ ಋಣ ವಿದ್ಯುದಂಶವಿರುವುದರಿಂದ, ಧನ ವಿದ್ಯುದಂಶ ಕೊಟ್ಟು ಮಾರ್ಪಡಿಸಿದ ಪಿಷ್ಟವು ಅದಕ್ಕೆ ಅಂಟಿಕೊಂಡು ನಾರು ನಾರುಗಳ ನಡುವಿನ ಬೆಸುಗೆಯನ್ನು ಹೆಚ್ಚಿಸುತ್ತದೆ. ಕಾಗದ ಒಣಗಿದ ಮೇಲೆ ಮೇಲ್ಮೈಗೆ ಇನ್ನೊಮ್ಮೆ ಪಿಷ್ಟ ಲೇಪಿಸಿ, ನೀರನ್ನು ತಡೆಯುವ ಸೈಜಿಂಗ್ ಕೊಡುತ್ತಾರೆ. ಮನೆಯಲ್ಲಿ ಹತ್ತಿ ಸೀರೆಗೆ ಗಂಜಿ ಹಾಕುವ ಕೆಲಸಕ್ಕೆ ಇದು ಹತ್ತಿರದ್ದು. ಇಲ್ಲಿ ಗಂಜಿಯ ಜೊತೆ ನೀರನ್ನು ದೂರವಿಡುವ ರಾಸಾಯನಿಕವೂ ಇರುತ್ತದೆ.

ಬಳಕೆಯಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಕಾಚಂಪುಳಿಯ ಗಾಜಿನ ಬಾಟಲಿಗಳು ತೂಕದವು, ಮತ್ತು ಒಡೆದರೆ ಆ ಕಪ್ಪು ಹುಳಿ ಸುತ್ತಲಿನ ಎಲ್ಲ ಸರಕನ್ನೂ ಕೆಡಿಸುತ್ತದೆ. ಬಾಟಲಿ ತುಂಬಿದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಅಂಗಡಿಯ ಹಿಂಭಾಗದಲ್ಲಿ ಮಳೆಯ ವಾರಗಳಲ್ಲಿ ಇಟ್ಟಾಗಲೂ ಕೆಳಗಿನ ಪೆಟ್ಟಿಗೆಯ ಹೊಟ್ಟೆ ಉಬ್ಬಲಿಲ್ಲ, ಮೂಲೆ ಕುಸಿಯಲಿಲ್ಲ. ಮುಂಚೆ ಬೇರೆ ಕಡೆಯಿಂದ ತರಿಸುತ್ತಿದ್ದ ಅಗ್ಗದ ಪೆಟ್ಟಿಗೆಗಳಲ್ಲಿ ಪದರಗಳ ನಡುವಿನ ಅಲೆಯಾಕಾರದ ಕಾಗದವೇ ಮೆತ್ತಗಾಗಿ ಬೆರಳೊತ್ತಿದರೆ ಒಳಗೆ ಹೋಗುತ್ತಿತ್ತು. ಬದಿಯ ಕೂಡು ಪಿನ್ನಿನ ಬದಲು ಅಂಟಿನದಾಗಿರುವುದೂ ನಮಗೆ ದೊಡ್ಡ ಅನುಕೂಲ, ಏಕೆಂದರೆ ಕೊಡಗಿನ ಮಳೆಯಲ್ಲಿ ತಂತಿಯ ಪಿನ್ನು ಬಹುಬೇಗ ತುಕ್ಕು ಹಿಡಿದು ಕಾಗದಕ್ಕೂ ಕಲೆ ಮಾಡುತ್ತದೆ.

ಪೆಟ್ಟಿಗೆ ಕೊಳ್ಳುವಾಗ ನಾವೆಲ್ಲ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಎಷ್ಟು, ಬಿಎಫ್ ಎಷ್ಟು ಎಂದು ಮಾತ್ರ ಕೇಳುತ್ತೇವೆ. ಬಿಎಫ್ ಎಂಬುದು ಕಾಗದ ಒತ್ತಡಕ್ಕೆ ಸಿಡಿಯುವ ಮಟ್ಟವನ್ನು ಅದರ ತೂಕದೊಂದಿಗೆ ಹೋಲಿಸಿದ ಅಂಕಿ: 18 ಬಿಎಫ್‌ನ 150 ಜಿಎಸ್‌ಎಂ ಕಾಗದ ಪ್ರತಿ ಚದರ ಸೆಂಟಿಮೀಟರ್‌ಗೆ 2.7 ಕಿಲೋ ಒತ್ತಡವನ್ನು ತಡೆಯುತ್ತದೆ. ಆದರೆ ಪೇರಿಸಿದ ಪೆಟ್ಟಿಗೆ ನಿಲ್ಲುವುದೋ ಕುಸಿಯುವುದೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ರಟ್ಟಿನ ಅಂಚು ಹೊರುವ ಭಾರ, ರಟ್ಟಿನ ದಪ್ಪ ಮತ್ತು ಪೆಟ್ಟಿಗೆಯ ಸುತ್ತಳತೆ. ನಮ್ಮಂಥ ಊರಿಗೆ ಇನ್ನೂ ಒಂದು ಅಂಕಿ ಬೇಕು. ಅದು ಕಾಬ್ ಮೌಲ್ಯ, ಅಂದರೆ ಒಂದು ಚದರ ಮೀಟರ್ ಕಾಗದ 60 ಸೆಕೆಂಡುಗಳಲ್ಲಿ ಹೀರುವ ನೀರಿನ ತೂಕ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಈ ತಯಾರಕರು ಕೇಳಿದ ಕೂಡಲೇ ಪೆಟ್ಟಿಗೆಯ ಒತ್ತಡ ಪರೀಕ್ಷೆ ಮತ್ತು ಕಾಬ್ ಮೌಲ್ಯ ಎರಡನ್ನೂ ಒಳಗೊಂಡ ವರದಿಯನ್ನು ಕೊಟ್ಟರು. ಕೊಡಲು ಹಿಂಜರಿಯುವವರಿಂದ ಮಳೆಗಾಲದ ಸರಕಿಗೆ ಪೆಟ್ಟಿಗೆ ಕೊಳ್ಳಬೇಡಿ ಎಂದೇ ನನ್ನ ಸಲಹೆ.

ಕೊರತೆಗಳಲ್ಲಿ ಮೊದಲನೆಯದು ಕತ್ತರಿಸಿದ ಅಂಚಿನದು. ಸೈಜಿಂಗ್ ಕಾಗದದ ಮುಖವನ್ನು ಕಾಯುತ್ತದೆಯೇ ಹೊರತು, ಕತ್ತರಿಸಿದ ಅಂಚಿನಲ್ಲಿ ಬಾಯಿ ತೆರೆದುಕೊಂಡಿರುವ ಅಲೆಗಳನ್ನು ಅಷ್ಟಾಗಿ ಕಾಯುವುದಿಲ್ಲ. ಒದ್ದೆ ನೆಲದ ಮೇಲೆ ಇಟ್ಟರೆ ತಳದ ಮಡಿಕೆಗಳು ಅಲ್ಲಿಂದಲೇ ನೀರು ಕುಡಿದು ಪದರಗಳು ಬಿಡುತ್ತವೆ. ಪದರಗಳನ್ನು ಕೂಡಿಸಿರುವ ಅಂಟೂ ಪಿಷ್ಟದ್ದೇ ಆಗಿರುವುದರಿಂದ ಇದು ಸಹಜ. ನೀರು ತಡೆಯುವ ಅಂಟನ್ನು ಬೇಡಿಕೆಯ ಮೇರೆಗೆ ಬಳಸುತ್ತಾರಾದರೂ ಅದಕ್ಕೆ ಬೆಲೆ ಬೇರೆ. ಬಣ್ಣ ಒಂದು ಕಟ್ಟಿನಿಂದ ಇನ್ನೊಂದಕ್ಕೆ ತುಸು ವ್ಯತ್ಯಾಸವಾಗುತ್ತದೆ. ನನಗೆ ಅದು ದೋಷವೆನಿಸಿಲ್ಲ. ಹೊಸ ಕಟ್ಟನ್ನು ಬಿಚ್ಚಿದಾಗ ರದ್ದಿಯ ಮಂದ ವಾಸನೆ ಇರುತ್ತದೆ, ಮತ್ತು ಕಾಫಿ ಮಾರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಹುರಿದ ಪುಡಿ ಸುತ್ತಲಿನ ವಾಸನೆಯನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದ ವಿಷಯ ಆಹಾರ ಸುರಕ್ಷತೆಯದು. ರದ್ದಿಯಲ್ಲಿ ಪತ್ರಿಕೆಗಳಿದ್ದರೆ ಮುದ್ರಣದ ಶಾಯಿಯ ಖನಿಜ ತೈಲದ ಅಂಶ ಮರುಬಳಕೆಯ ಕಾಗದದಲ್ಲಿ ಉಳಿದು, ಆವಿಯ ರೂಪದಲ್ಲಿ ಒಣ ಆಹಾರಕ್ಕೆ ಸೇರಬಲ್ಲದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನೇ ನಿಷೇಧಿಸಿವೆ. ತೆಳುವಾದ ಪಾಲಿಥೀನ್ ಚೀಲ ಈ ಆವಿಯನ್ನು ಸರಿಯಾಗಿ ತಡೆಯುವುದಿಲ್ಲ. ಅಲ್ಯೂಮಿನಿಯಂ ಪದರವಿರುವ ಚೀಲ ತಡೆಯುತ್ತದೆ. ಆದ್ದರಿಂದ ಕಾಫಿ ಪುಡಿಯನ್ನೂ ಏಲಕ್ಕಿಯನ್ನೂ ಅಂಥ ಚೀಲದಲ್ಲಿ ಮುಚ್ಚಿದ ಮೇಲೆಯೇ ಈ ಪೆಟ್ಟಿಗೆಗೆ ತುಂಬಬೇಕು. ಕರಿಮೆಣಸನ್ನು ಬಿಡಿಯಾಗಿ ಸುರಿಯುವ ಯೋಚನೆಯನ್ನೂ ಮಾಡಬಾರದು.

ಬೆಲೆ ಸಾಧಾರಣ ಪೆಟ್ಟಿಗೆಗಿಂತ ಹೆಚ್ಚು, ಹೊಸ ನಾರಿನ ಕ್ರಾಫ್ಟ್ ಪೆಟ್ಟಿಗೆಗಿಂತ ಕಡಿಮೆ. ಒಡೆದು ವಾಪಸು ಬರುವ ಪಾರ್ಸೆಲ್‌ಗಳ ನಷ್ಟವನ್ನು ಲೆಕ್ಕ ಹಿಡಿದರೆ ನಮಗೆ ಇದೇ ಅಗ್ಗ. ಚಿಕ್ಕ ಬೇಡಿಕೆಗೆ ಮುದ್ರಣ ಮಾಡಿಕೊಡುವುದಿಲ್ಲವಾದ್ದರಿಂದ ಗೋಣಿಕೊಪ್ಪ, ಸೋಮವಾರಪೇಟೆ, ಸುಂಟಿಕೊಪ್ಪಗಳ ಸಣ್ಣ ಮಾರಾಟಗಾರರು ಒಂದೇ ಅಳತೆಯನ್ನು ಒಪ್ಪಿಕೊಂಡು ಒಟ್ಟಾಗಿ ತರಿಸುವುದು ಲಾಭಕರ. ಮಳೆಗಾಲಕ್ಕೆ ಮೊದಲೇ, ಹವೆ ಒಣಗಿರುವಾಗ ತರಿಸಿ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಮಡಿಸಿದ ಸ್ಥಿತಿಯಲ್ಲೇ ಇಡಿ. ಬಳಸಿ ಮುಗಿದ ಪೆಟ್ಟಿಗೆಗಳ ಟೇಪನ್ನು ಕಿತ್ತು, ಒಣಗಿದ್ದಾಗಲೇ ಗುಜರಿಯವರಿಗೆ ಕೊಡಿ; ಒದ್ದೆಯಾಗಿ ಬೂಷ್ಟು ಹಿಡಿದ ರಟ್ಟಿಗೆ ಗಿರಣಿಯಲ್ಲಿ ಬೆಲೆಯಿಲ್ಲ, ಮತ್ತು ಅದರೊಳಗಿನ ಉದ್ದ ನಾರು ಮುಂದಿನ ಪೆಟ್ಟಿಗೆಗೆ ಸಿಗದೆ ಹೋಗುತ್ತದೆ.